ಪಂಡಿತಾ ರಮಾಬಾಯಿ: ಸೋಲಿನ ಮೇಲೆ ಸೋಲು, ಆದರೂ ಬಿಡದ ಕ್ರಿಸ್ತನಂಬಿಕೆ

ಥಾಣೆ ಪೂರ್ವದ ಕೋಪರಿಯಿಂದ ಊರಿಗೆ ಹೊರಡುವ ಕನ್ನಡಿಗರಿಗೆ ಮುಖ್ಯವಾಗಿ ಎರಡು ರೈಲು ದಾರಿ. ಉಡುಪಿ, ಮಂಗಳೂರು ಕಡೆಯವರು ಕೊಂಕಣ ರೈಲು ಹಿಡಿಯುತ್ತಾರೆ. ಕಲಬುರಗಿ, ರಾಯಚೂರು ಕಡೆಯವರು ಕಲ್ಯಾಣ, ಲೋನಾವಳಾ, ಪುಣೆ, ದೌಂಡ್ ದಾಟಿ ಹೋಗುತ್ತಾರೆ. ಈ ಎರಡನೇ ದಾರಿಯಲ್ಲಿ ಪುಣೆ ಬಿಟ್ಟು ದೌಂಡ್ ಸೇರುವ ಮೊದಲು ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಇದೆ. ಅದನ್ನು ದಾಟುವಾಗ ಕಿಟಕಿಯಾಚೆ ನೋಡುವವರು ಕಡಿಮೆ.

ಆದರೆ ಅಲ್ಲಿ ಮಣ್ಣಾದವರು ನಮ್ಮ ಕಾರ್ಕಳ ತಾಲ್ಲೂಕಿನ ಮಾಳದ ಮನೆತನದ ಹೆಣ್ಣುಮಗಳು. ಹೆಸರು ರಮಾಬಾಯಿ ಡೋಂಗ್ರೆ. ಜಗತ್ತಿಗೆ ಪಂಡಿತಾ ರಮಾಬಾಯಿ.

ವಿಧವೆಯರ ಶಿಕ್ಷಣಕ್ಕೆ ದುಡಿದವರು, ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಎಂದು ಪಠ್ಯಪುಸ್ತಕದಲ್ಲಿ ಅವರ ಬಗ್ಗೆ ಎರಡು ಸಾಲು ಸಿಗುತ್ತದೆ. 1989ರಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಅಂಚೆಚೀಟಿಯನ್ನೂ ತಂದಿತು. ಅಂಚೆಚೀಟಿಯಲ್ಲಿ ಎಲ್ಲರೂ ಗೆದ್ದವರಂತೆಯೇ ಕಾಣುತ್ತಾರೆ. ರಮಾಬಾಯಿ ಅವರ ಬದುಕನ್ನು ಹತ್ತಿರದಿಂದ ನೋಡಿದರೆ ಕಾಣುವುದು ಬೇರೆ. ಓದಬೇಕೆಂದು ಹೊರಟ ವಿದ್ಯೆ ಕೈಗೆ ಸಿಗಲಿಲ್ಲ. ಸೇರಿದ ಸಭೆಯ ಹಿರಿಯರ ಜತೆ ಜಗಳವಾಯಿತು. ಕಟ್ಟಿದ ಮೊದಲ ಶಾಲೆ ನಾಲ್ಕೇ ವರ್ಷದಲ್ಲಿ ಅಲ್ಲಾಡಿತು. ಎಲ್ಲಕ್ಕಿಂತ ಹೆಚ್ಚಾಗಿ, ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತಾನು ಧರ್ಮವನ್ನು ಪಡೆದಿದ್ದೇನೆ, ಕ್ರಿಸ್ತನನ್ನಲ್ಲ ಎಂಬ ಅರಿವು ಅವರಿಗೆ ಬಂತು. ಹಾಗಿದ್ದೂ ಅವರು ನಂಬಿಕೆ ಬಿಟ್ಟು ಹೊರನಡೆಯಲಿಲ್ಲ.

ಬುಟ್ಟಿಯಲ್ಲಿ ಹೊರಟ ಮಗು

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ಪಂಡಿತರು. ಹಿಂದೆ ಪುಣೆಯಲ್ಲಿ ಗುರುಗಳ ಹತ್ತಿರ ಓದುತ್ತಿದ್ದಾಗ ಪೇಶ್ವೆಯ ರಾಣಿಯೊಬ್ಬರು ಸಂಸ್ಕೃತ ಕಲಿಯುವುದನ್ನು ಅವರು ಕಂಡಿದ್ದರು. ಹೆಣ್ಣುಮಕ್ಕಳಿಗೂ ಈ ವಿದ್ಯೆ ಬರಬೇಕು ಎಂಬುದು ಅಂದಿನಿಂದ ಅವರ ಮನಸ್ಸಿನಲ್ಲಿ ಕೂತಿತು. ಪತ್ನಿ ಲಕ್ಷ್ಮೀಬಾಯಿಗೆ ಪಾಠ ಹೇಳಲು ಶುರು ಮಾಡಿದಾಗ ಊರಿನವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಸ್ತ್ರೀಯರು ಓದುವುದು ಶಾಸ್ತ್ರಕ್ಕೆ ವಿರುದ್ಧವಲ್ಲ ಎಂದು ಅವರು ವಾದಿಸಬೇಕಾಯಿತು.

ಗಂಗಾಮೂಲದ ಮನೆ ಶಿಷ್ಯರು, ಅತಿಥಿಗಳು, ಯಾತ್ರಿಕರಿಂದ ತುಂಬಿರುತ್ತಿತ್ತು. ಬಂದವರಿಗೆಲ್ಲ ಊಟ. ಹೀಗೆ ಕೈ ಬರಿದಾಯಿತು. ರಮಾಬಾಯಿಗೆ ಆರು ತಿಂಗಳಾದಾಗ ಸಂಸಾರ ಮನೆ ಬಿಟ್ಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಅಲ್ಲಿಂದ ಮುಂದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡಿಗೆ. ದೇವಸ್ಥಾನದ ಜಗುಲಿ, ನದಿಯ ಘಾಟಿನಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟ ದಕ್ಷಿಣೆಯಲ್ಲಿ ಬದುಕುವುದು. ದಾರಿಯಲ್ಲೇ ತಾಯಿಯಿಂದ ಪಾಠ. ಭಾಗವತದ ಹದಿನೆಂಟು ಸಾವಿರ ಶ್ಲೋಕ ಹುಡುಗಿಗೆ ಬಾಯಿಪಾಠವಾಯಿತು. ಮರಾಠಿ ಮನೆಮಾತು. ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಎಲ್ಲ ದಾರಿಯಲ್ಲಿ ಹೆಕ್ಕಿಕೊಂಡ ಭಾಷೆಗಳು.

1870ರ ದಶಕದ ಬರಗಾಲ ಈ ಸಂಸಾರವನ್ನು ಮುಗಿಸಿತು. ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಲು ಮನಸ್ಸಿಲ್ಲ. ಇದ್ದ ಪಾತ್ರೆ, ಬಟ್ಟೆ, ಒಡವೆಯೆಲ್ಲ ಮಾರಿದರು. ಹೇಳಿದ ವ್ರತವನ್ನೆಲ್ಲ ಮಾಡಿದರು, ದಾನ ಕೊಟ್ಟರು. ಕೊನೆಗೆ ಎಲೆ ತಿಂದು ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು, ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ತಾಯಿಯ ಚಟ್ಟ ಹೊರಲು ಜನ ಸಾಲಲಿಲ್ಲ. ಅಣ್ಣ ಶ್ರೀನಿವಾಸ, ಕನಿಕರಪಟ್ಟು ಬಂದ ಇಬ್ಬರು, ನಾಲ್ಕನೆಯವಳು ಹದಿನಾರರ ರಮಾಬಾಯಿ. ಗಿಡ್ಡ ದೇಹ, ಉಳಿದವರ ಹೆಗಲ ಎತ್ತರಕ್ಕೆ ಸರಿಹೋಗದು. ಹಾಗಾಗಿ ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು. ಅಕ್ಕ ಕೃಷ್ಣಾಬಾಯಿಯೂ ಮುಂದೆ ಉಳಿಯಲಿಲ್ಲ.

ಅಣ್ಣ ತಂಗಿ ಇಬ್ಬರೇ ಉತ್ತರಕ್ಕೆ ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತರ ಹುಡುಗಿಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಷ್ಟು ಹೊತ್ತಿಗೆ ಹೆತ್ತವರು ಪಾಲಿಸಿಕೊಂಡು ಬಂದ ವ್ರತ ನಿಯಮಗಳಲ್ಲಿ ಅವರಿಗೆ ನಂಬಿಕೆ ಉಳಿದಿರಲಿಲ್ಲ. ಕ್ರೈಸ್ತರ ಕೂಟವೊಂದಕ್ಕೆ ಮೊದಲ ಬಾರಿ ಹೋಗಿದ್ದೂ ಕಲ್ಕತ್ತಾದಲ್ಲೇ. ಎಲ್ಲರೂ ಕುರ್ಚಿಗಳ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದ್ದನ್ನು ಕಂಡು, ಇವರು ಕುರ್ಚಿಯನ್ನೇ ಪೂಜಿಸುತ್ತಾರೆ ಎಂದುಕೊಂಡರಂತೆ! ಮುಂದೆ ಈ ಪ್ರಸಂಗವನ್ನು ಅವರೇ ಬರೆದಿಟ್ಟಿದ್ದಾರೆ.

1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರ ಜತೆ ರಿಜಿಸ್ಟರ್ ಮದುವೆ. ಬೇರೆ ಜಾತಿ, ಬೇರೆ ಭಾಷೆ. ಅಂದಿನ ಕಾಲಕ್ಕೆ ಎರಡೂ ಕಡೆಯವರಿಗೆ ನುಂಗಲಾಗದ ತುತ್ತು. ಅಸ್ಸಾಂನ ಸಿಲ್ಚರ್‌ನಲ್ಲಿ ಸಂಸಾರ, 1881ರಲ್ಲಿ ಮಗಳು ಮನೋರಮಾ. ಅಲ್ಲಿ ಮನೆಯ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಅವರ ಕಣ್ಣಿಗೆ ಬಿತ್ತು. ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ ಬಂದು ಅರ್ಥ ಹೇಳತೊಡಗಿದಾಗ ಗಂಡನಿಗೆ ಹಿಡಿಸಲಿಲ್ಲ. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನೂ ಕೊಂಡೊಯ್ದಿತು. ಇಪ್ಪತ್ಮೂರರ ವಿಧವೆ, ಕೈಯಲ್ಲಿ ವರ್ಷ ತುಂಬದ ಕೂಸು.

ವಾಂಟೇಜ್‌ನಲ್ಲಿ ದೀಕ್ಷೆ, ಜಗಳ

ಪುಣೆಗೆ ಬಂದ ರಮಾಬಾಯಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿ, ಹೆಂಗಸರಿಗೆ ಹೆಂಗಸರೇ ಡಾಕ್ಟರಾಗಬೇಕು ಎಂದು ವಾದಿಸಿದರು. ತಾನೇ ಡಾಕ್ಟರಾಗಬೇಕು ಎಂಬ ಆಸೆ ಅಲ್ಲಿಂದಲೇ. ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದು, ಅದು ಮಾರಿ ಬಂದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಜತೆಗೆ ಪುಟ್ಟ ಮನೋರಮಾ ಮತ್ತು ಗೆಳತಿ ಆನಂದಿಬಾಯಿ ಭಗತ್. ವಾಂಟೇಜ್ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ವಾಸ. ಮರಾಠಿ ಕಲಿಸುವುದು, ಪ್ರತಿಯಾಗಿ ಅಲ್ಲಿ ಇದ್ದು ಓದುವುದು ಎಂದು ಒಪ್ಪಂದ. ಕ್ರೈಸ್ತಳಾಗುವ ಉದ್ದೇಶದಿಂದ ಹೊರಟವರಲ್ಲ ಅವರು.

ಆ ವರ್ಷ ನಡೆದದ್ದು ಓದಲು ಇಂದಿಗೂ ಕಷ್ಟವಾಗುತ್ತದೆ. ಜತೆಗೆ ಬಂದ ಆನಂದಿಬಾಯಿ ಭಗತ್ ಮಠದಲ್ಲೇ ಆತ್ಮಹತ್ಯೆ ಮಾಡಿಕೊಂಡರು. ನಂತರ ಆಕ್ಸ್‌ಫರ್ಡ್‌ನಲ್ಲಿ ಮ್ಯಾಕ್ಸ್ ಮುಲ್ಲರ್ ಮನೆಯಲ್ಲಿ ಉಳಿದಿದ್ದ ರಮಾಬಾಯಿ ಎಷ್ಟು ಹೆದರಿದ್ದರೆಂದರೆ, ರಾತ್ರಿ ಅವರ ಕೋಣೆಯಲ್ಲಿ ಕೆಲಸದವಳೊಬ್ಬಳು ಮಲಗಬೇಕಾಗುತ್ತಿತ್ತು ಎಂದು ಮುಲ್ಲರ್ ನೆನಪಿಸಿಕೊಂಡಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಅವರನ್ನು ಒಲಿಸಿದ್ದು ಎರಡು ಸಂಗತಿ. ಒಂದು, ಲಂಡನ್ನಿನ ಫುಲಂನಲ್ಲಿ ಇದೇ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮ. ದಾರಿ ತಪ್ಪಿದವರೆಂದು ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಇನ್ನೊಂದು, ಯೋಹಾನನ ಸುವಾರ್ತೆಯಲ್ಲಿ ಬಾವಿಕಟ್ಟೆಯ ಬಳಿ ಯೇಸು ಸಮಾರ್ಯದ ಹೆಣ್ಣಿನ ಜತೆ ಮಾತನಾಡುವ ಪ್ರಸಂಗ. ಪುಣೆಯಲ್ಲಿದ್ದ ನೆಹೆಮಿಯಾ ಗೋರೆ ಎಂಬ ಮರಾಠಿ ಕ್ರೈಸ್ತ ಪಂಡಿತರ ಬರಹವೂ ಮನಸ್ಸನ್ನು ಸಿದ್ಧ ಮಾಡಿತ್ತು.

ದೀಕ್ಷೆಯ ಬೆನ್ನಿಗೇ ದೊಡ್ಡ ನಿರಾಸೆ. ಕಿವಿ ಕೇಳಿಸುವುದು ಕಡಿಮೆಯಾಗುತ್ತ ಬಂದಿತ್ತು. ಆ ಕಿವಿಯಲ್ಲಿ ವೈದ್ಯಕೀಯ ಓದು ಆಗದು ಎಂದು ತೀರ್ಮಾನವಾಯಿತು. ಯಾವುದಕ್ಕಾಗಿ ಸಮುದ್ರ ದಾಟಿದರೋ ಅದೇ ಕೈತಪ್ಪಿತು. ಬದಲಿಗೆ ಚೆಲ್ಟೆನ್‌ಹ್ಯಾಂ ಮಹಿಳಾ ಕಾಲೇಜಿಗೆ ಸೇರಿ ಗಣಿತ, ವಿಜ್ಞಾನ, ಇಂಗ್ಲಿಷ್ ಓದಿದರು, ಸಂಸ್ಕೃತ ಕಲಿಸಿದರು.

ಸಭೆಯ ಹಿರಿಯರ ಜತೆ ತಿಕ್ಕಾಟವೂ ಆಗಲೇ ಶುರು. ಗಂಡು ವಿದ್ಯಾರ್ಥಿಗಳಿಗೆ ರಮಾಬಾಯಿ ಪಾಠ ಹೇಳಬಾರದು ಎಂದು ಭಾರತದಲ್ಲಿದ್ದ ಬಿಷಪ್‌ಗಳು ತಗಾದೆ ತೆಗೆದರು. ಪುಣೆಯಲ್ಲಿ ಗಂಡಸರ ತುಂಬಿದ ಸಭೆಯಲ್ಲಿ ಉಪನ್ಯಾಸ ಕೊಟ್ಟು ಬಂದವರಿಗೆ ಇದು ಅವಮಾನವೆನಿಸಿತು. ತ್ರಿಯೇಕ ದೇವರ ತತ್ವ ಅವರಿಗೆ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಿರಬಾರದು ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ಪುಡ್ಡಿಂಗ್ ಕೂಡ ತಿನ್ನಲಿಲ್ಲ. ಅವರ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಇದೆಲ್ಲ ಅಹಂಕಾರವಾಗಿ ಕಂಡಿತು. ಅವರನ್ನು ಆಜೀಬಾಯಿ ಎಂದು ಪ್ರೀತಿಯಿಂದ ಕರೆಯುತ್ತಿದ್ದ ರಮಾಬಾಯಿ, ಅದೇ ಪತ್ರಗಳಲ್ಲಿ ಒಂದೊಂದು ಪಾಯಿಂಟಿಗೂ ವಾದ ಹೂಡುತ್ತಿದ್ದರು. ಜೆರಾಲ್ಡಿನ್ ಈ ಪತ್ರಗಳನ್ನೆಲ್ಲ ಜೋಪಾನವಾಗಿ ಕೂಡಿಟ್ಟರು. ಜಗಳವಾಡಿದ ಶಿಷ್ಯೆಯ ಕಾಗದಗಳನ್ನು ಯಾರು ಹೀಗೆ ಇಟ್ಟುಕೊಳ್ಳುತ್ತಾರೆ? ಅದು ಬರೀ ಜಗಳವಾಗಿರಲಿಲ್ಲ ಎನ್ನಲು ಇಷ್ಟು ಸಾಕು.

ಅತ್ತ ಊರಿನಲ್ಲಿ ಮತಾಂತರದ ಸುದ್ದಿಗೆ ಪುಣೆಯ ಸುಧಾರಕರೂ ಕೈಕೊಡವಿಕೊಂಡಿದ್ದರು. ಬಹಿರಂಗವಾಗಿ ಬೆಂಬಲಕ್ಕೆ ನಿಂತವರಲ್ಲಿ ಜೋತಿರಾವ್ ಫುಲೆ ಒಬ್ಬರು.

1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದದ್ದು ಬಂಧು ಆನಂದಿಬಾಯಿ ಜೋಶಿ ಅವರ ಪದವಿ ಪ್ರದಾನ ನೋಡಲು. ಈ ಆನಂದಿಬಾಯಿ ನಮ್ಮ ಪಕ್ಕದ ಕಲ್ಯಾಣದವರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಆ ಮಾರ್ಚ್‌ನಲ್ಲಿ ಅವರು ಡಾಕ್ಟರಾದರು. ತನಗೆ ಕೈತಪ್ಪಿದ ಪದವಿಯನ್ನು ತನ್ನವಳೇ ಪಡೆಯುವುದನ್ನು ರಮಾಬಾಯಿ ಎದುರು ಕೂತು ನೋಡಿದರು. ಒಂದು ವರ್ಷ ತುಂಬುವ ಮೊದಲೇ, 1887ರ ಫೆಬ್ರವರಿಯಲ್ಲಿ, ಆನಂದಿಬಾಯಿ ಕ್ಷಯದಿಂದ ಪುಣೆಯಲ್ಲಿ ತೀರಿಕೊಂಡರು. ಆ ವರ್ಷ ಫಿಲಡೆಲ್ಫಿಯಾದಲ್ಲಿ ಮೇಲ್ಜಾತಿ ಹಿಂದೂ ಹೆಂಗಸರ ಸ್ಥಿತಿ ಕುರಿತ ರಮಾಬಾಯಿ ಅವರ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಪುಸ್ತಕ ಸಾವಿರಗಟ್ಟಲೆ ಪ್ರತಿ ಮಾರಾಟವಾಯಿತು. ಬೋಸ್ಟನ್‌ನಲ್ಲಿ ರಮಾಬಾಯಿ ಸಂಘ ಹುಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವುದಾಗಿ ಮಾತು ಕೊಟ್ಟಿತು. ಷರತ್ತು ಒಂದೇ: ಶಾಲೆಯಲ್ಲಿ ಧರ್ಮಪ್ರಚಾರ ಇರಬಾರದು.

ತೆರೆದಿಟ್ಟ ಬಾಗಿಲು

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಶುರುವಾಯಿತು. ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಇವರನ್ನು ಧೋಂಡೋ ಕೇಶವ ಕರ್ವೆ ಮದುವೆಯಾದರು. ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಕರ್ವೆ ಅವರೇ. ಖರ್ಚು ಕಡಿಮೆಯಾಗಲಿ ಎಂದು 1890ರ ನವೆಂಬರ್‌ನಲ್ಲಿ ಸದನವನ್ನು ಪುಣೆಗೆ ಸಾಗಿಸಿದರು. ಆಗಲೂ ಪುಣೆ ರೈಲಿಗೆ ಥಾಣೆ, ಕಲ್ಯಾಣದ ಮೇಲೆಯೇ ದಾರಿ. ಪುಣೆಯಲ್ಲಿ ಮಹಾದೇವ ಗೋವಿಂದ ರಾನಡೆ, ಆರ್.ಜಿ. ಭಂಡಾರಕರ್ ಅವರಂಥ ದೊಡ್ಡವರು ಸಲಹಾ ಸಮಿತಿಯಲ್ಲಿ ಕೂತರು. ಬ್ರಾಹ್ಮಣ ವಿಧವೆಯರು ತಮ್ಮ ಮಡಿ, ಪೂಜೆ, ಅಡುಗೆ ಎಲ್ಲ ಇಟ್ಟುಕೊಂಡೇ ಓದಬಹುದಿತ್ತು.

ಈ ಹೊತ್ತಿಗೆ, 1891ರ ಸುಮಾರಿಗೆ, ರಮಾಬಾಯಿ ಒಳಗೊಳಗೇ ಕುಸಿದಿದ್ದರು. ವಾದದಲ್ಲಿ ಗೆದ್ದು, ಗ್ರಂಥ ಓದಿ, ತತ್ವ ಒಪ್ಪಿ ಕ್ರೈಸ್ತಳಾಗಿದ್ದೆ, ಆದರೆ ಮನಸ್ಸಿಗೆ ನೆಮ್ಮದಿ ಬಂದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು. ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರ ಕೈಗೆ ಬಂತು. ಪಾದ್ರಿಯಾಗಿ ವರ್ಷಗಟ್ಟಲೆ ಪ್ರಸಂಗ ಮಾಡಿದ ಮೇಲೆ ತನಗೇ ನಂಬಿಕೆ ಇಲ್ಲವೆಂದು ಕಂಡುಕೊಂಡವನ ಕಥೆ ಅದು. ಓದುತ್ತ ಹೋದಂತೆ ತನ್ನದೇ ಕಥೆ ಅನ್ನಿಸಿತು. ದೇಶಕ್ಕೆ ಗೊತ್ತಿರುವ ಪಂಡಿತೆ, ಮತಾಂತರಕ್ಕಾಗಿ ಊರನ್ನೇ ಎದುರು ಹಾಕಿಕೊಂಡವರು, ಎಂಟು ವರ್ಷದ ನಂತರ ಮತ್ತೆ ಒಂದನೇ ತರಗತಿಯಲ್ಲಿ ಕೂತಂತೆ. ಇದನ್ನು ಅವರು ಮುಚ್ಚಿಡಲಿಲ್ಲ. ಮುಂದೆ ಬರೆದ ಸಾಕ್ಷ್ಯಕಥನದಲ್ಲಿ ಸ್ಪಷ್ಟವಾಗಿ ದಾಖಲಿಸಿದರು. ತನ್ನ ಪಾಂಡಿತ್ಯ, ತನ್ನ ಒಳ್ಳೆಯತನ ಯಾವುದನ್ನೂ ಮುಂದಿಡದೆ, ಇದ್ದ ಹಾಗೆ ಕ್ರಿಸ್ತನಿಗೆ ಒಪ್ಪಿಸಿಕೊಂಡಾಗ ಶಾಂತಿ ಸಿಕ್ಕಿತು ಎಂಬುದು ಆ ಕಥನದ ತಿರುಳು.

ಆದರೆ ಒಳಗೆ ಸಿಕ್ಕಿದ ಶಾಂತಿ ಹೊರಗೆ ಬಿರುಗಾಳಿ ಎಬ್ಬಿಸಿತು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜತೆ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿಡುತ್ತಿದ್ದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಬನ್ನಿ ಎಂದು ಕರೆಯಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ. ಟಿಳಕರ ಕೇಸರಿ ಪತ್ರಿಕೆ ಮೊದಲಿನಿಂದಲೂ ಸದನದ ಮೇಲೆ ಕಣ್ಣಿಟ್ಟಿತ್ತು, ಈಗ ದಾಳಿ ಜೋರಾಯಿತು. ಕೆಲವು ಹುಡುಗಿಯರು ಕ್ರೈಸ್ತರಾಗಬೇಕು ಎನ್ನತೊಡಗಿದಾಗ 1893ರ ಆಗಸ್ಟ್‌ನಲ್ಲಿ ರಾನಡೆ, ಭಂಡಾರಕರ್ ಮತ್ತಿತರರು ತಮಗೂ ಸದನಕ್ಕೂ ಸಂಬಂಧವಿಲ್ಲ ಎಂದು ಬಹಿರಂಗವಾಗಿ ಸಾರಿ ಹೊರಬಂದರು. ಪೋಷಕರು ಹಲವು ಹುಡುಗಿಯರನ್ನು ಕರೆದುಕೊಂಡು ಹೋದರು.

ಇಲ್ಲಿ ತಪ್ಪು ಯಾರದು? ರಮಾಬಾಯಿ ಅವರನ್ನು ಮೆಚ್ಚಿ ಬರೆದವರು ಸಂಪ್ರದಾಯಸ್ಥರ ಕಡೆ ಬೊಟ್ಟು ಮಾಡುತ್ತಾರೆ. ಅದು ಅರ್ಧ ಸತ್ಯ. ರಾನಡೆ ಸಂಪ್ರದಾಯಸ್ಥರಲ್ಲ, ಸದನ ಉಳಿಯಲಿ ಎಂದೇ ಸಮಿತಿಯಲ್ಲಿ ಕೂತವರು. ಮಗಳನ್ನು ಸದನಕ್ಕೆ ಕಳಿಸಿದ ತಾಯಿ ತಂದೆ ಧರ್ಮದ ವಿಷಯದಲ್ಲಿ ಮಾತು ಕೊಟ್ಟಿದ್ದಾರೆ ಎಂಬ ನಂಬಿಕೆಯ ಮೇಲೆ ಕಳಿಸಿದ್ದರು. ತಾಯಿಯ ಜಾಗದಲ್ಲಿ ನಿಂತವರು ಬಾಗಿಲು ತೆರೆದಿಟ್ಟು ಪ್ರಾರ್ಥಿಸಿದರೆ ಹುಡುಗಿಯರು ಒಳಗೆ ಬಾರದೆ ಇರುತ್ತಾರೆಯೇ? ರಮಾಬಾಯಿ ಅವರ ಉತ್ತರವೂ ಅಷ್ಟೇ ಗಟ್ಟಿಯಾಗಿತ್ತು. ತಮ್ಮ ಪೂಜೆಗೆ ಹುಡುಗಿಯರು ಕೋಣೆಯ ಬಾಗಿಲು ಹಾಕಿಕೊಳ್ಳಬೇಕೆಂದು ತಾನು ಹೇಳಿಲ್ಲ, ತನ್ನ ಪ್ರಾರ್ಥನೆಗೆ ಮಾತ್ರ ಯಾಕೆ ಕದ ಹಾಕಬೇಕು ಎಂಬುದು ಅವರ ವಾದ. ವಾದ ಸರಿ, ಮಾತು ಮಾತ್ರ ಮುರಿದಿತ್ತು. ಎಲ್ಲ ಧರ್ಮದವರೂ ಒಪ್ಪುವ ಶಾಲೆ ಎಂಬ ಅವರದೇ ಕನಸು ಅಲ್ಲಿಗೆ ಮುಗಿಯಿತು. ಮೂರು ವರ್ಷದ ನಂತರ ಕರ್ವೆ ಪುಣೆಯಲ್ಲಿ ಪ್ರತ್ಯೇಕ ವಿಧವಾಶ್ರಮ ತೆರೆದರು.

ಬೋಸ್ಟನ್‌ನವರು ಕೈಬಿಡಲಿಲ್ಲ. ಮಾತು ಕೊಟ್ಟಂತೆ ಹತ್ತು ವರ್ಷವೂ ಹಣ ಬಂತು. ಉಳಿದ ಹುಡುಗಿಯರನ್ನಿಟ್ಟುಕೊಂಡು ರಮಾಬಾಯಿ ಶಾಲೆ ಮುಂದುವರಿಸಿದರು. ಹೊಸಬರು ಬಂದು ಸೇರಿದರು.

ಹದಿನೈದರ ವರ್ಗ

1890ರ ದಶಕದ ನಡುವೆ ಲೋನಾವಳಾದಲ್ಲಿ ಕ್ರೈಸ್ತರ ಶಿಬಿರ ಕೂಟ ನಡೆಯುತ್ತಿತ್ತು. ಅಲ್ಲಿಗೆ ಹೋದ ರಮಾಬಾಯಿ ಒಂದು ಮುಂಜಾನೆ ಲೆಕ್ಕ ಹಾಕಿದರು. ಇಷ್ಟು ವರ್ಷದಲ್ಲಿ ತನ್ನ ಮೂಲಕ ಕ್ರಿಸ್ತನ ಹತ್ತಿರ ಬಂದವರು ಹದಿನೈದು ಮಂದಿ. ಈ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 225 ಮಾಡು ಎಂದು ಬೇಡಿಕೊಂಡರು. ಕೆಲವೇ ವರ್ಷದ ಹಿಂದೆ ಪುಣೆಯಲ್ಲಿ ಸದನ ಖಾಲಿಯಾಗುವುದನ್ನು ಕಂಡವರು ಹೀಗೆ ಗಣಿತದ ಲೆಕ್ಕದಲ್ಲಿ ಪ್ರಾರ್ಥಿಸಿದ್ದು ನನಗೆ ಅವರ ಇಡೀ ಜೀವನದಲ್ಲೇ ತುಂಬ ಇಷ್ಟವಾದ ಪ್ರಸಂಗ. ಚೆಲ್ಟೆನ್‌ಹ್ಯಾಂನಲ್ಲಿ ಗಣಿತ ಓದಿದ್ದು ದಂಡವಾಗಲಿಲ್ಲ ನೋಡಿ.

ಉತ್ತರ ಬಂದದ್ದು ಯಾರೂ ಬೇಡದ ರೂಪದಲ್ಲಿ. 1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ ಬಿತ್ತು. ಹಸಿವು ಏನೆಂದು ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸ್ವತಃ ಬರದ ಊರುಗಳಿಗೆ ಹೋದರು. ಗಂಜಿ ಕೇಂದ್ರಗಳ ಸುತ್ತ ಹುಡುಗಿಯರನ್ನು ಮಾರುವ ದಲ್ಲಾಳಿಗಳು ಕಾದಿದ್ದರು. ಅವರ ಕೈಗೆ ಸಿಗುವ ಮೊದಲೇ ಸಿಕ್ಕ ಸಿಕ್ಕ ಹೆಣ್ಣುಮಕ್ಕಳನ್ನು ಪುಣೆಗೆ ಕರೆತಂದರು. ಕೆಲವೇ ತಿಂಗಳಲ್ಲಿ ಸುಮಾರು 300 ಮಂದಿ. ಆಗ ಪುಣೆಯಲ್ಲಿ ಪ್ಲೇಗ್ ಬಂದು, ನಗರದೊಳಗೆ ಅಷ್ಟು ಜನರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಶಾಲೆಗೆ ಆದಾಯವಾಗಲಿ, ಹಣ್ಣಿನ ಗಿಡ ಹಾಕೋಣ ಎಂದು ಕೇಡಗಾಂವ್‌ನಲ್ಲಿ ಸುಮಾರು 100 ಎಕರೆ ಜಮೀನು ಮೊದಲೇ ಕೊಂಡಿದ್ದರು. ಹುಡುಗಿಯರೆಲ್ಲ ಅಲ್ಲಿಗೆ. ಮೊದಲು ಡೇರೆ, ಗುಡಿಸಲು. ನಂತರ ಬಾವಿ ತೋಡಿದರು, ಕಟ್ಟಡ ಎದ್ದವು. ಹೆಸರು ಮುಕ್ತಿ ಎಂದಿಟ್ಟರು.

1900ರ ಗುಜರಾತ್ ಬರದ ಹೊತ್ತಿಗೆ ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತ್ತು. ಶಾರದಾ ಸದನ ಮುಖ್ಯವಾಗಿ ಮೇಲ್ಜಾತಿ ವಿಧವೆಯರಿಗಾಗಿ ಇದ್ದ ಶಾಲೆ. ಮುಕ್ತಿಗೆ ಯಾವ ಜಾತಿಯವರೂ ಬರಬಹುದಿತ್ತು. ಪುಣೆಯ ಸೋಲು ಆಗದೆ ಇದ್ದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಕೆಟ್ಟವರೆಂದು ಹೊರಹಾಕಿದ ಹೆಂಗಸರಿಗೆ ಕೃಪಾ ಸದನ ತೆರೆದರು. ಫುಲಂನಲ್ಲಿ ಕಂಡದ್ದನ್ನು ಅವರು ಮರೆತಿರಲಿಲ್ಲ. ಕುರುಡು ಮಕ್ಕಳಿಗೆ ಮನೋರಮಾ ಬ್ರೈಲ್ ಲಿಪಿ ಕಲಿಸಿದರು. ನೇಯ್ಗೆ, ಎಣ್ಣೆ ಗಾಣ, ಹೈನುಗಾರಿಕೆ, ಬೇಕರಿ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು.

ಇನ್ನೊಂದು ಮಾತನ್ನೂ ಹೇಳಬೇಕು. ಹಸಿದ ಮಕ್ಕಳನ್ನು ಕರೆತಂದು ಕ್ರೈಸ್ತರನ್ನಾಗಿ ಮಾಡಿದರು ಎಂಬ ಆರೋಪ ಅಂದೂ ಇತ್ತು, ಇಂದೂ ಇದೆ. ಅನ್ನ ಕೊಟ್ಟ ಕೈಯೇ ಬೈಬಲ್ ಕೊಟ್ಟಾಗ ಆಯ್ಕೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಸಣ್ಣದಲ್ಲ. ಮುಕ್ತಿ ಕ್ರೈಸ್ತ ಸಂಸ್ಥೆ ಎಂಬುದನ್ನು ರಮಾಬಾಯಿ ಮುಚ್ಚಿಡಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಪುಣೆಯಲ್ಲಿ ಒಂದು ಹೇಳಿ ಇನ್ನೊಂದು ನಡೆಯಿತು, ಕೇಡಗಾಂವ್‌ನಲ್ಲಿ ಹೇಳಿದ್ದೇ ನಡೆಯಿತು. ಬಿಳಿ ಸೀರೆ, ಸಸ್ಯಾಹಾರ, ಭಜನೆ ಕೀರ್ತನೆಯ ಧಾಟಿ ಅಲ್ಲಿಯೂ ಉಳಿದವು. ಯಾವ ಒಂದು ಪಂಗಡಕ್ಕೂ ಅವರು ಮುಕ್ತಿಯನ್ನು ಒಪ್ಪಿಸಲಿಲ್ಲ. 1905ರಲ್ಲಿ ಅಲ್ಲಿ ದೊಡ್ಡ ಪ್ರಾರ್ಥನಾ ಜಾಗೃತಿ ಎದ್ದಿತು. ನೂರಾರು ಹುಡುಗಿಯರು ಗಟ್ಟಿಯಾಗಿ ಅಳುತ್ತ, ತಪ್ಪೊಪ್ಪಿಕೊಳ್ಳುತ್ತ ಪ್ರಾರ್ಥಿಸಿದ್ದು ದೇಶವಿದೇಶದಲ್ಲಿ ಸುದ್ದಿಯಾಯಿತು. ಕೆಲವು ಮಿಷನರಿಗಳಿಗೆ ಈ ಅಬ್ಬರ ಹಿಡಿಸಲಿಲ್ಲ. ಲೆಕ್ಕಾಚಾರದ ಪಂಡಿತೆ ಅದನ್ನು ತಡೆಯಲೂ ಇಲ್ಲ, ಅದರ ಮುಂದಾಳು ಎಂದು ಮೆರೆಯಲೂ ಇಲ್ಲ.

ಕಲಬುರಗಿಯ ಶಾಲೆ, ಕೊನೆಯ ಕರಡು

ಕನ್ನಡ ನಾಡಿನ ನಂಟು ಅವರಿಗೆ ಕೊನೆಯವರೆಗೂ ಇತ್ತು. 1912ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಕ್ರೈಸ್ತ ಶಾಲೆಯೊಂದನ್ನು ತೆರೆದರು. ಅದರ ಹೊಣೆ ಹೊತ್ತವರು ಮನೋರಮಾ. ಹೆಣ್ಣುಮಕ್ಕಳ ಓದಿನಲ್ಲಿ ತೀರಾ ಹಿಂದೆ ಬಿದ್ದಿದ್ದ ಸೀಮೆ ಅದು. ಉಡುಪಿಯ ಸಭೆಯಲ್ಲಿ ಅಜ್ಜ ಹೂಡಿದ ವಾದವನ್ನು ಮೊಮ್ಮಗಳು ಕಲಬುರಗಿಯಲ್ಲಿ ಕಟ್ಟಡ ಮಾಡಿ ನಿಲ್ಲಿಸಿದಂತಾಯಿತು.

ರಮಾಬಾಯಿ ಸ್ವತಃ ಬೇರೊಂದು ಕೆಲಸದಲ್ಲಿ ಮುಳುಗಿದ್ದರು. ಮರಾಠಿ ಬೈಬಲ್ ಆಗಲೇ ಇತ್ತು. ಅದರ ಭಾಷೆ ಪಂಡಿತರದು, ಹಳ್ಳಿಯ ಹೆಂಗಸಿಗೆ ಅರ್ಥವಾಗದು ಎಂದು ಅವರಿಗೆ ಅನ್ನಿಸಿತ್ತು. ಐವತ್ತರ ಆಸುಪಾಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಮೂಲದಿಂದ ಆಡುಮಾತಿನ ಮರಾಠಿಗೆ ಇಡೀ ಬೈಬಲ್ ಅನುವಾದಿಸಲು ಕೂತರು. ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಭಾಗವತವನ್ನು ಬಾಯಿಪಾಠ ಹೇಳುತ್ತಿದ್ದ ವಿದುಷಿ ಸಂಸ್ಕೃತದ ದೊಡ್ಡ ಪದಗಳನ್ನು ಹುಡುಕಿ ಹುಡುಕಿ ಕೈಬಿಟ್ಟರು.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಅದಾಗಿ ಎರಡು ವರ್ಷಕ್ಕೆ, 1921ರ ಜುಲೈನಲ್ಲಿ, ಮನೋರಮಾ ಮಿರಜ್‌ನಲ್ಲಿ ತೀರಿಕೊಂಡರು. ನಲವತ್ತು ವರ್ಷ ವಯಸ್ಸು. ಮುಕ್ತಿಯನ್ನು ಮುಂದೆ ನಡೆಸಬೇಕಾಗಿದ್ದವರು ಅವರೇ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಕಿವಿ ಪೂರ್ತಿ ಮಂದವಾಗಿತ್ತು, ದೇಹ ಸೋತಿತ್ತು. ಅವರು ಮತ್ತೆ ಕರಡಚ್ಚಿನ ಹಾಳೆ ತಿದ್ದಲು ಕೂತರು. ಕೊನೆಯ ಕರಡು ತಿದ್ದಿ ಮುಗಿದ ಬೆನ್ನಿಗೇ, 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ಕಣ್ಣು ಮುಚ್ಚಿದರು. 64 ತುಂಬಲು ಮೂರು ವಾರ ಬಾಕಿ ಇತ್ತು.

ಆ ಅನುವಾದ ಜನಪ್ರಿಯವಾಗಲಿಲ್ಲ ಎಂಬುದೂ ನಿಜ. ಮರಾಠಿ ಚರ್ಚುಗಳಲ್ಲಿ ಬೈಬಲ್ ಸೊಸೈಟಿಯ ಅನುವಾದವೇ ಮುಂದುವರಿಯಿತು. ಲೋಕದ ಲೆಕ್ಕದಲ್ಲಿ ಇದನ್ನೂ ಸೋಲುಗಳ ಪಟ್ಟಿಗೆ ಸೇರಿಸಬಹುದು. ಆದರೆ ವಾಂಟೇಜ್‌ನಲ್ಲಿ ಅವರನ್ನು ಹಟಮಾರಿ ಎಂದ ಅದೇ ಇಂಗ್ಲೆಂಡಿನ ಸಭೆ ಇಂದು ಪ್ರತಿವರ್ಷ ಏಪ್ರಿಲ್ 30ರಂದು ತನ್ನ ಪಂಚಾಂಗದಲ್ಲಿ ಅವರನ್ನು ಸ್ಮರಿಸುತ್ತದೆ, ಅದೂ ಬೈಬಲ್ ಅನುವಾದಕಿ ಎಂದೇ.

ರಮಾಬಾಯಿ ಹೋಗಿ ಎರಡು ವರ್ಷಕ್ಕೆ, 1924ರಲ್ಲಿ, ಇಡೀ ಬೈಬಲ್ ಮುಕ್ತಿಯ ಅಚ್ಚುಕೂಟದಿಂದಲೇ ಹೊರಬಂತು. ಮೊಳೆ ಜೋಡಿಸಿ ಅಚ್ಚು ಹಾಕುವ ಕೆಲಸ ಅಲ್ಲಿಯ ಹೆಂಗಸರದೇ. ಅವರಲ್ಲಿ ಬಹಳ ಮಂದಿ ಮುಕ್ತಿಗೆ ಬಂದಾಗ ಅಕ್ಷರ ಬಲ್ಲವರಾಗಿರಲಿಲ್ಲ.